ಶಹಾಬಾದ್ ಸುಣ್ಣಕಲ್ಲಿನ ದಪ್ಪ 26 ಮೀಟರೋ 35 ಮೀಟರೋ? ಭೀಮಾ, ಕಲಾದಗಿ ಸ್ತರಗಳ ಅಳತೆ ಮತ್ತು ಹೋಲಿಕೆ

ಕೊಣಾಜೆಗುಡ್ಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೊಣಾಜೆಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ನಮ್ಮ ಮಂಗಳೂರಿನ ಸುತ್ತ ಇರುವುದು ನೈಸ್ (ಪಟ್ಟೆಪಟ್ಟೆಯ ಗಟ್ಟಿ ರೂಪಾಂತರ ಶಿಲೆ), ಮುರಕಲ್ಲು, ಅಳಿವೆಬಾಗಿಲಿನ ಮರಳು ಮತ್ತು ಕೆಸರು. ಸುಣ್ಣ ಬೇಕಾದರೂ ಹಿಂದಿನಿಂದ ಚಿಪ್ಪು ಸುಟ್ಟೇ ಮಾಡಿಕೊಂಡು ಬಂದ ಊರು ಇದು. ಪದರ ಪದರವಾದ ಸುಣ್ಣಕಲ್ಲು ನೋಡಬೇಕಾದರೆ ಘಟ್ಟ ಹತ್ತಿ ಬಾಗಲಕೋಟೆ ಇಲ್ಲವೇ ಕಲಬುರಗಿ ಕಡೆಗೇ ಹೋಗಬೇಕು. ಡಿಸೆಂಬರ್‌ನಲ್ಲಿ ಫೀಲ್ಡ್‌ವರ್ಕ್ ಉಂಟು, ಅದಕ್ಕೆ ಮೊದಲು ಮೂರು ವಿಷಯ ಸ್ಪಷ್ಟ ಆಗಬೇಕಿದೆ.

ಒಂದು: ಶಹಾಬಾದ್ ಹತ್ತಿರದ ಒಂದೇ 500 ಮೀಟರ್ ಸಾಲಿಗೆ ಹಳೆಯ ಎರಡು ನೋಟ್‌ಬುಕ್‌ಗಳಲ್ಲಿ ಎರಡು ದಪ್ಪ ಬರೆದಿದೆ. ಒಂದರಲ್ಲಿ 26 ಮೀಟರ್, ಇನ್ನೊಂದರಲ್ಲಿ 35 ಮೀಟರ್. ಇಬ್ಬರೂ ಸರಿಯಾಗಿಯೇ ನಡೆದು ಅಳೆದಂತೆ ಕಾಣುತ್ತದೆ. ಯಾವುದನ್ನು ನಂಬುವುದು?

ಎರಡು: ಸುಣ್ಣಕಲ್ಲು ಯಾವುದು, ಡಾಲಮೈಟ್ (ಮೆಗ್ನೀಸಿಯಂ ಸೇರಿದ, ಸುಣ್ಣಕಲ್ಲಿನಂಥ ಕಲ್ಲು) ಯಾವುದು ಎಂದು ಸ್ಥಳದಲ್ಲೇ ಭರವಸೆಯಿಂದ ಬರೆಯಲು ಏನೇನು ಮಾಡಬೇಕು?

ಮೂರು: ಬಾದಾಮಿ ಕಡೆಯ ಕೊಂಕಣಕೊಪ್ಪ ಸುಣ್ಣಕಲ್ಲು ಮತ್ತು ಶಹಾಬಾದ್ ಸುಣ್ಣಕಲ್ಲು ಎರಡೂ ಹೆಚ್ಚುಕಡಿಮೆ ಮಟ್ಟಸವಾಗಿ, ಮರಳುಗಲ್ಲು ಮತ್ತು ಶೇಲ್ (ಹಾಳೆಹಾಳೆಯಾಗಿ ಒಡೆಯುವ ಕೆಸರುಗಲ್ಲು) ಮೇಲೆ ಕೂತಿವೆ. ಎರಡನ್ನೂ ಒಂದೇ ಕಾಲದವೆಂದು ಚಿತ್ರದಲ್ಲಿ ಒಂದೇ ಗೆರೆಯಿಂದ ಜೋಡಿಸಬಹುದೇ?

---

ಮಣಿಪಾಲ್_ಸ್ತರ

ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಸಂಖ್ಯೆಗಳಲ್ಲೇ ಇದೆ. ಡಿಪ್ ಎಂದರೆ ಪದರ ಮಟ್ಟದಿಂದ ಕೆಳಕ್ಕೆ ಓರೆಯಾದ ಕೋನ, ಸ್ಟ್ರೈಕ್ ಎಂದರೆ ಆ ಓರೆಗೆ ಅಡ್ಡಲಾಗಿ ಪದರದ ಮೇಲಿನ ಮಟ್ಟಗೆರೆಯ ದಿಕ್ಕು. ಸಮತಟ್ಟು ನೆಲದಲ್ಲಿ ಸ್ಟ್ರೈಕ್‌ಗೆ ನೇರ ಅಡ್ಡವಾಗಿ ನಡೆದರೆ ದಪ್ಪ ಎಂದರೆ ನಡೆದ ದೂರ ಗುಣಿಸು ಡಿಪ್‌ನ ಸೈನ್. ಡಿಪ್ 3 ಡಿಗ್ರಿ ಹಿಡಿದರೆ 500 × 0.0523 = 26.2 ಮೀಟರ್. 4 ಡಿಗ್ರಿ ಹಿಡಿದರೆ 500 × 0.0698 = 34.9 ಮೀಟರ್. ಒಬ್ಬರು 3 ಓದಿದ್ದಾರೆ, ಇನ್ನೊಬ್ಬರು 4 ಓದಿದ್ದಾರೆ, ಅಷ್ಟೇ ವ್ಯತ್ಯಾಸ. ಕಡಿದಾದ ಪದರದಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆ ಆದರೆ ಏನೂ ಆಗುವುದಿಲ್ಲ. ಶಹಾಬಾದ್ ಇರುವ ಭೀಮಾ ಕಣಿವೆಯ (ಹಿಂದೆ ಪದರಗಳು ಕೂತು ತುಂಬಿದ ತಗ್ಗು) ಸುಣ್ಣಕಲ್ಲಿನಂತೆ ಮಲಗಿದ ಪದರದಲ್ಲಿ ಅದೇ ಒಂದು ಡಿಗ್ರಿ ದಪ್ಪವನ್ನು ಮೂರನೇ ಒಂದು ಭಾಗ ಹಿಗ್ಗಿಸುತ್ತದೆ. ಓರೆ ಅಳೆಯುವ ಕ್ಲಿನೋಮೀಟರ್‌ನ ಓದುವ ಮಿತಿಯೇ ಸುಮಾರು ಒಂದು ಡಿಗ್ರಿ. ಅದರ ಮೇಲೆ ಪದರದ ಮೈ ಉಬ್ಬುತಗ್ಗಾಗಿರುತ್ತದೆ. ಹಾಗಾಗಿ ಆ ಎರಡರಲ್ಲಿ ಯಾವುದನ್ನೂ ನಂಬಬೇಡಿ, ವಿಧಾನವನ್ನೇ ಬದಲಾಯಿಸಿ.

ಇಳಿಜಾರನ್ನೂ ಲೆಕ್ಕಕ್ಕೆ ತನ್ನಿ. ನೆಲ ಡಿಪ್ ಇರುವ ದಿಕ್ಕಿಗೇ 1 ಡಿಗ್ರಿ ಇಳಿದರೆ 3ರ ಬದಲು 2 ಡಿಗ್ರಿಯ ಸೈನ್ ಹಾಕಬೇಕು, ಆಗ ದಪ್ಪ 17.5 ಮೀಟರ್ ಮಾತ್ರ. ಎದುರು ದಿಕ್ಕಿಗೆ ಇಳಿದರೆ 4 ಡಿಗ್ರಿ, ಅಂದರೆ ಮತ್ತೆ 35 ಮೀಟರ್. 500 ಮೀಟರ್‌ಗೆ 1 ಡಿಗ್ರಿ ಎಂದರೆ 8.7 ಮೀಟರ್ ಇಳಿತ. ಆ ಎರೆಭೂಮಿಯ ಬಯಲಿನಲ್ಲಿ ಇದು ಕಣ್ಣಿಗೆ ಮಟ್ಟಸ ಎಂದೇ ಕಾಣುತ್ತದೆ. ಇನ್ನು ದಾರಿ ಸ್ಟ್ರೈಕ್‌ಗೆ ನೇರ ಅಡ್ಡ ಇಲ್ಲದೆ, 60 ಡಿಗ್ರಿ ಕೋನದಲ್ಲಿ ಹೋಗಿದ್ದರೆ 0.866ರಿಂದ ಗುಣಿಸಬೇಕು, 26.2 ಇದ್ದದ್ದು 22.7ಕ್ಕೆ ಇಳಿಯುತ್ತದೆ.

ಹೀಗೆ ಮಾಡಿ. ದಪ್ಪವನ್ನು ನಡೆದು ಅಳೆಯುವ ಬದಲು ಕ್ವಾರಿಯ ನೆಟ್ಟಗಿನ ಗೋಡೆಯಲ್ಲಿ ಟೇಪ್ ಇಳಿಬಿಟ್ಟು ಅಳೆಯಿರಿ. 3 ಡಿಗ್ರಿ ಡಿಪ್‌ನಲ್ಲಿ ನೇರ ಎತ್ತರಕ್ಕೂ ನಿಜವಾದ ದಪ್ಪಕ್ಕೂ ಇರುವ ವ್ಯತ್ಯಾಸ ಸಾವಿರಕ್ಕೆ ಎರಡು ಪಾಲೂ ಇಲ್ಲ. ಕ್ವಾರಿ ಸಿಗದ ಕಡೆ ತೆರೆದ ಬಾವಿಗಳನ್ನು ನೋಡಿ, ಕಲ್ಲು ಕಡಿದು ತೋಡಿದ ಬಾವಿಯ ಗೋಡೆ ಒಳ್ಳೆಯ ಛೇದ (ಪದರಗಳನ್ನು ಮೇಲಿನಿಂದ ಕೆಳಗೆ ತೋರಿಸುವ ಕಡಿತ). ಒಂದು ಕ್ವಾರಿಯಿಂದ ಇನ್ನೊಂದಕ್ಕೆ ದಾಟುವಾಗ, ಎರಡರಲ್ಲೂ ಸಿಗುವ ಒಂದು ಗುರುತಿನ ಪದರ ಹಿಡಿದು ಮುಂದುವರಿಯಿರಿ.

ಡಿಪ್ ಬೇಕೇ ಬೇಕಾದರೆ ಅದೇ ಪದರದ ಮೇಲ್ಮೈ ಮೂರು ಜಾಗದಲ್ಲಿ ಎಷ್ಟು ಎತ್ತರದಲ್ಲಿದೆ ಎಂದು ತೆಗೆದು ಮೂರು ಬಿಂದುಗಳ ಲೆಕ್ಕ ಮಾಡಿ. 1 ಡಿಗ್ರಿ ಡಿಪ್ ಎಂದರೆ ಕಿಲೋಮೀಟರ್‌ಗೆ 17.5 ಮೀಟರ್, 3 ಡಿಗ್ರಿ ಎಂದರೆ 52 ಮೀಟರ್. ಕೈಯಲ್ಲಿ ಹಿಡಿಯುವ ಜಿಪಿಎಸ್‌ನ ಎತ್ತರದ ಓದು ಸುಲಭವಾಗಿ 10 ಮೀಟರ್ ತಪ್ಪಬಹುದು, ಆದ್ದರಿಂದ ಈ ಕೆಲಸಕ್ಕೆ ಅದು ಬೇಡ. ಸಿವಿಲ್ ವಿಭಾಗದಿಂದ ಆಟೊ ಲೆವೆಲ್ (ಎತ್ತರದ ವ್ಯತ್ಯಾಸ ಅಳೆಯುವ ಸಾಧನ) ಒಂದು ದಿನಕ್ಕೆ ಎರವಲು ಸಿಕ್ಕಿದರೆ ಸಾಕು. ಬಿಂದುಗಳು ಒಂದೇ ಸಾಲಿನಲ್ಲಿ ಇರಬಾರದು, ತ್ರಿಕೋನ ಅಗಲವಾಗಿರಲಿ.

ಇಷ್ಟು ಮಲಗಿದ ಪದರದಲ್ಲಿ ಸ್ಟ್ರೈಕ್ ಕೂಡ ಓದಿನಿಂದ ಓದಿಗೆ 40-50 ಡಿಗ್ರಿ ಹಾರುತ್ತದೆ. ತೊಳೆದ ಪದರದ ಮೈಮೇಲೆ ಸ್ವಲ್ಪ ನೀರು ಸುರಿಯಿರಿ, ಹರಿದ ದಿಕ್ಕೇ ಡಿಪ್‌ನ ದಿಕ್ಕು. ಅದಕ್ಕೆ ಅಡ್ಡಲಾಗಿ ಸ್ಟ್ರೈಕ್ ತೆಗೆಯಿರಿ. ಕಂಪಾಸನ್ನು ನೇರ ಕಲ್ಲಿನ ಮೇಲೆ ಇಡದೆ 60 ಸೆಂ.ಮೀ.ನ ಒಂದು ಮರದ ಹಲಗೆ ಹಾಸಿ ಅದರ ಮೇಲಿಟ್ಟರೆ ಸಣ್ಣ ಉಬ್ಬುತಗ್ಗು ತೊಂದರೆ ಕೊಡುವುದಿಲ್ಲ. ಹಲಗೆಯಲ್ಲಿ ಕಬ್ಬಿಣದ ಮೊಳೆ ಇರಬಾರದು.

---

ಸುರತ್ಕಲ್_ಲ್ಯಾಬ್

ಎರಡನೆಯದಕ್ಕೆ.

ಸ್ಥಳದಲ್ಲಿ 10 ಶೇಕಡಾ ಹೈಡ್ರೊಕ್ಲೋರಿಕ್ ಆಸಿಡ್. 35-37 ಶೇಕಡಾದ ಗಟ್ಟಿ ಆಸಿಡ್ ಒಂದು ಪಾಲು, ನೀರು ಮೂರು ಪಾಲು. ಮೊದಲು ನೀರು, ಅದಕ್ಕೆ ನಿಧಾನವಾಗಿ ಆಸಿಡ್. ಯಾವ ಕಾರಣಕ್ಕೂ ತಿರುಗುಮುರುಗು ಮಾಡಬೇಡಿ. ರೈಲಿನಲ್ಲಿ ಆಸಿಡ್ ಒಯ್ಯುವುದಕ್ಕೆ ನಿಷೇಧ ಇದೆ, ಆದ್ದರಿಂದ ಮಂಗಳೂರಿನಿಂದ ಹೊರಡುವಾಗ ಖಾಲಿ ಡ್ರಾಪರ್ ಬಾಟಲಿ, ಕೈಗವಸು, ಕನ್ನಡಕ ಮಾತ್ರ ಒಯ್ಯಿರಿ. ಆಸಿಡನ್ನು ಅಲ್ಲಿಯೇ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಳ್ಳಿ. ಬಾತ್‌ರೂಮ್ ತೊಳೆಯುವ ಹಳದಿ ಆಸಿಡ್‌ನಲ್ಲಿ ಕಬ್ಬಿಣದ ಅಂಶ ಇರುತ್ತದೆ. ನೊರೆ ನೋಡಲು ಅದು ನಡೆಯುತ್ತದೆ, ಬಣ್ಣ ಹಾಕುವ ಪರೀಕ್ಷೆಗೆ ಆಗದು. ಬಾಟಲಿಯನ್ನು ಕಂಪಾಸ್ ಇರುವ ಚೀಲದಲ್ಲಿ ಇಡಬೇಡಿ, ಮುಚ್ಚಳದಿಂದ ಹೊರಡುವ ಹೊಗೆಗೆ ಲೋಹದ ಭಾಗಗಳು ತುಕ್ಕು ಹಿಡಿಯುತ್ತವೆ.

ತಾಜಾ ಮುರಿದ ಮೈಗೆ ಒಂದು ಹನಿ. ಜೋರಾಗಿ ನೊರೆ ಬಂದರೆ ಕ್ಯಾಲ್ಸೈಟ್, ಅಂದರೆ ಸುಣ್ಣಕಲ್ಲಿನ ಮುಖ್ಯ ಖನಿಜ. ಏನೂ ಆಗದೆ, ಚಾಕುವಿನಿಂದ ಕೆರೆದ ಪುಡಿಗೆ ಮಾತ್ರ ನಿಧಾನವಾಗಿ ಗುಳ್ಳೆ ಬಂದರೆ ಡಾಲಮೈಟ್. ಪುಡಿಗೂ ಬರದೆ ಚಾಕುವೇ ಗೀರದಿದ್ದರೆ ಚರ್ಟ್ (ಗಟ್ಟಿ ಸಿಲಿಕಾ ಕಲ್ಲು). ಎಲ್ಲಿ ತಪ್ಪುತ್ತದೆ ಅಂದರೆ:

ಡಾಲಮೈಟ್ ಒಳಗೆ ಕೂದಲೆಳೆಯಂಥ ಕ್ಯಾಲ್ಸೈಟ್ ಎಳೆಗಳಿದ್ದರೆ ಹನಿ ಬಿದ್ದ ಕೂಡಲೇ ನೊರೆ. ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ಗುಳ್ಳೆ ಎಳೆಯಿಂದ ಏಳುತ್ತಿದೆಯೋ ಕಲ್ಲಿನ ಮೈಯಿಂದಲೋ ನೋಡಿ. ಹಳೆಯ ಮೈಮೇಲೆ ಎರೆಮಣ್ಣಿನಿಂದ ಇಳಿದ ಸುಣ್ಣದ ಲೇಪ ಇರುತ್ತದೆ, ಅದಕ್ಕೇ ಸುತ್ತಿಗೆಯಿಂದ ಒಡೆದ ಮೈ ಬೇಕು ಎನ್ನುವುದು. ಕ್ಯಾಲ್ಸೈಟ್ ಬೆರೆತ ಶೇಲ್ ಕೂಡ ಚೆನ್ನಾಗಿ ನೊರೆ ಕೊಡುತ್ತದೆ. ನೊರೆ ನಿಂತ ಮೇಲೆ ಹನಿ ಒಣಗಿದ ಜಾಗದಲ್ಲಿ ಮಣ್ಣಿನ ಉಂಗುರ ಉಳಿದರೆ ಅದು ಜೇಡಿ ಬೆರೆತ ಕಲ್ಲು.

ಲ್ಯಾಬಿಗೆ ತಂದ ಮೇಲೆ ಬಣ್ಣದ ಪರೀಕ್ಷೆ ಮಾಡದೆ ಬಿಡಬೇಡಿ, ಖರ್ಚು ತೀರಾ ಕಡಿಮೆ. ಡಿಕ್ಸನ್ 1966ರ ವಿಧಾನ: 1.5 ಶೇಕಡಾ ಹೈಡ್ರೊಕ್ಲೋರಿಕ್ ಆಸಿಡ್‌ನ 100 ಮಿ.ಲೀ.ನಲ್ಲಿ 0.2 ಗ್ರಾಂ ಅಲಿಝರಿನ್ ರೆಡ್ ಎಸ್. ಇನ್ನೊಂದು 100 ಮಿ.ಲೀ.ನಲ್ಲಿ 2 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಮೊದಲನೆಯದು ಮೂರು ಪಾಲು, ಎರಡನೆಯದು ಎರಡು ಪಾಲು ಬೆರೆಸಿ. 600 ಗ್ರಿಟ್‌ನಲ್ಲಿ ಉಜ್ಜಿದ ಚಪ್ಪಡಿ ಅಥವಾ ಗಾಜು ಮುಚ್ಚದ ತೆಳುಛೇದವನ್ನು (ಸೂಕ್ಷ್ಮದರ್ಶಕಕ್ಕೆ ತೆಳುವಾಗಿ ಉಜ್ಜಿದ ಕಲ್ಲಿನ ಹಾಳೆ) ಮೊದಲು 10-15 ಸೆಕೆಂಡು ಬರೀ 1.5 ಶೇಕಡಾ ಆಸಿಡ್‌ನಲ್ಲಿ, ಆಮೇಲೆ 30-45 ಸೆಕೆಂಡು ಬೆರಕೆಯಲ್ಲಿ, ಕೊನೆಗೆ 10-15 ಸೆಕೆಂಡು ಅಲಿಝರಿನ್ ಒಂದರಲ್ಲೇ ಅದ್ದಿ. ಡಿಸ್ಟಿಲ್ಡ್ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದು, ಒರೆಸದೆ ಒಣಗಿಸಿ. ಕ್ಯಾಲ್ಸೈಟ್ ಗುಲಾಬಿಯಿಂದ ಕೆಂಪು, ಕಬ್ಬಿಣ ಬೆರೆತ ಕ್ಯಾಲ್ಸೈಟ್ ನೇರಳೆಯಿಂದ ನೀಲಿ, ಡಾಲಮೈಟ್ ಬಣ್ಣ ಹಿಡಿಯದು, ಕಬ್ಬಿಣ ಬೆರೆತ ಡಾಲಮೈಟ್ ತಿಳಿ ಹಸಿರುನೀಲಿ. ಬೆರಕೆಯನ್ನು ಆಯಾ ದಿನವೇ ಮಾಡಿ, ಇಟ್ಟರೆ ಕೆಡುತ್ತದೆ. ಬೆರಳು ತಾಗಿದ ಜಾಗದಲ್ಲಿ ಬಣ್ಣ ಎದ್ದು ಹೋಗುತ್ತದೆ.

ರಾಸಾಯನಿಕ ವಿಶ್ಲೇಷಣೆ ಕೈಗೆ ಬಂದರೆ ಒಂದು ತಾಳೆ ನೋಡಿ. ಉದಾಹರಣೆಗೆ ಕ್ಯಾಲ್ಸಿಯಂ ಆಕ್ಸೈಡ್ 46, ಮೆಗ್ನೀಸಿಯಂ ಆಕ್ಸೈಡ್ 4 ಶೇಕಡಾ ಅಂತ ಇಟ್ಟುಕೊಳ್ಳಿ. ಮೆಗ್ನೀಸಿಯಂ ಆಕ್ಸೈಡನ್ನು 4.57ರಿಂದ ಗುಣಿಸಿದರೆ ಡಾಲಮೈಟ್ 18.3. ಆ ಡಾಲಮೈಟ್ ಹಿಡಿದುಕೊಂಡ ಕ್ಯಾಲ್ಸಿಯಂ ಆಕ್ಸೈಡ್ 4 × 1.39 = 5.6. ಉಳಿದ 40.4ನ್ನು 1.785ರಿಂದ ಗುಣಿಸಿದರೆ ಕ್ಯಾಲ್ಸೈಟ್ 72. ಒಟ್ಟು 90 ಶೇಕಡಾ ಕಾರ್ಬೊನೇಟ್. ಇದರಿಂದ ಕಾಯಿಸಿದಾಗ ಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಸುಮಾರು 40.5. ಪ್ರಯೋಗಾಲಯ ಕೊಟ್ಟ ಕಾಯಿಸಿದಾಗಿನ ನಷ್ಟ ಇದಕ್ಕೆ ಹತ್ತಿರ ಇಲ್ಲದಿದ್ದರೆ ಎಲ್ಲೋ ತಪ್ಪಿದೆ, ಇಲ್ಲವೇ ಮೆಗ್ನೀಸಿಯಂ ಜೇಡಿಯಲ್ಲಿ ಕೂತಿದೆ.

---

ಕಾಗಿಣಾದಂಡೆ_ಉಡುಪಿ

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ದಪ್ಪ ಅಳೆಯುವ ಮೊದಲು ನೀವು ಯಾವ ಸುಣ್ಣಕಲ್ಲಿನಲ್ಲಿ ನಿಂತಿದ್ದೀರಿ ಎಂಬುದು ಗಟ್ಟಿಯಾಗಬೇಕು.

ಹೆಸರಿಟ್ಟ ಪದರಗಳ ಗುಚ್ಛ ಫಾರ್ಮೇಶನ್, ಹಲವು ಫಾರ್ಮೇಶನ್ ಸೇರಿದರೆ ಗ್ರೂಪ್. ಭೀಮಾ ಗ್ರೂಪ್‌ನಲ್ಲಿ ಕೆಳಗಿನಿಂದ ಮೇಲಕ್ಕೆ: ನೈಸ್ ಮತ್ತು ಗ್ರಾನೈಟ್ ಮೇಲೆ ರಬನಪಲ್ಲಿ ಫಾರ್ಮೇಶನ್, ಅಂದರೆ ಬೆಣಚುಗುಂಡುಗಳ ಕಾಂಗ್ಲೊಮರೇಟ್, ಮರಳುಗಲ್ಲು, ಹಸಿರು ಮತ್ತು ನೇರಳೆ ಶೇಲ್. ಅದರ ಮೇಲೆ ಶಹಾಬಾದ್ ಸುಣ್ಣಕಲ್ಲು. ಆಮೇಲೆ ಹಲ್ಕಲ್ ಶೇಲ್. ಅದರ ಮೇಲೆ ಮತ್ತೆ ಸುಣ್ಣಕಲ್ಲು, ಅದು ಕಟಮದೇವರಹಳ್ಳಿ ಫಾರ್ಮೇಶನ್. ಎಲ್ಲಕ್ಕೂ ಮೇಲೆ ಹರವಾಳ ಶೇಲ್. ಉತ್ತರಕ್ಕೆ ಹೋದಂತೆ ಇವೆಲ್ಲ ಡೆಕ್ಕನ್ ಟ್ರ್ಯಾಪ್‌ನ (ಲಾವಾದಿಂದಾದ ಕಪ್ಪುಕಲ್ಲಿನ ಹೊದಿಕೆ) ಕೆಳಗೆ ಮುಚ್ಚಿಹೋಗುತ್ತವೆ.

ನೋಡಿ, ಸುಣ್ಣಕಲ್ಲು ಎರಡು. ಮಧ್ಯದ ಶೇಲ್ ಮೆತ್ತಗಿನದು, ಬೇಗ ಸವೆದು ಎರೆಮಣ್ಣಿನ ಅಡಿಗೆ ಹೋಗಿರುತ್ತದೆ. ಒಂಟಿ ಕ್ವಾರಿಯಲ್ಲಿ ನಿಂತು ಬೂದು ಬಣ್ಣ ನೋಡಿ ‘ಇದು ಶಹಾಬಾದ್’ ಎಂದು ಬರೆದರೆ ಆ ಬರಹಕ್ಕೆ ಆಧಾರ ಇಲ್ಲ. ಬಣ್ಣ ಈ ಕಲ್ಲಿನಲ್ಲಿ ಅತ್ಯಂತ ದುರ್ಬಲ ಗುರುತು. ಬೂದು, ನೀಲಿಬೂದು, ಗುಲಾಬಿ, ಹಸಿರು ಛಾಯೆ ಎಲ್ಲವೂ ಶಹಾಬಾದ್ ಫಾರ್ಮೇಶನ್ ಒಳಗೇ ಸಿಗುತ್ತವೆ. ಕಬ್ಬಿಣದ ಸ್ಥಿತಿ ಬದಲಾದರೆ ಒಂದೇ ಪದರ ಕೆಲವು ಮೀಟರ್‌ನಲ್ಲಿ ಬಣ್ಣ ಬದಲಿಸುತ್ತದೆ, ಬಿರುಕಿನ ಅಂಚಿನಲ್ಲಂತೂ ಎದ್ದು ಕಾಣುತ್ತದೆ. ಕೆಳಗೆ ಏನಿದೆ, ಮೇಲೆ ಏನಿದೆ ಎಂಬುದು ಒಂದೇ ನಂಬಬಹುದಾದ ಉತ್ತರ. ಕ್ವಾರಿಯಿಂದ ಡಿಪ್ ಏರುವ ದಿಕ್ಕಿಗೆ, ಅಂದರೆ ಹಳೆಯ ಕಲ್ಲಿನ ಕಡೆಗೆ ನಡೆದುಕೊಂಡು ಹೋಗಿ, ರಬನಪಲ್ಲಿ ಶೇಲ್ ಸಿಗುತ್ತದೋ ಹಲ್ಕಲ್ ಶೇಲ್ ಸಿಗುತ್ತದೋ ನೋಡಿ. ಆ ಶೇಲ್‌ನ ಅಡಿಯಲ್ಲಿ ಮರಳುಗಲ್ಲು ಇದ್ದರೆ ನೀವು ಶಹಾಬಾದ್‌ನಲ್ಲಿದ್ದಿರಿ, ಮತ್ತೆ ಸುಣ್ಣಕಲ್ಲು ಬಂದರೆ ಕಟಮದೇವರಹಳ್ಳಿಯಲ್ಲಿ. ನೆಲದ ಮೇಲೆ ಏನೂ ಕಾಣದಿದ್ದರೆ ಬಾವಿ ತೋಡಿದ ರಾಶಿ, ಹೊಸ ಬೋರ್‌ವೆಲ್‌ನ ಪುಡಿ ನೋಡಿ. ಬೋರ್ ಕೊರೆಯುವಾಗ ಪುಡಿಯ ಬಣ್ಣ ಯಾವ ಅಡಿಯಲ್ಲಿ ಬದಲಾಯಿತು ಎಂದು ಹೊಲದವರನ್ನು ಕೇಳಿದರೆ ಹೇಳುತ್ತಾರೆ.

ರಬನಪಲ್ಲಿಯಿಂದ ಶಹಾಬಾದ್‌ಗೆ ದಾಟುವ ಗಡಿ ಹಲವು ಕಡೆ ಒಂದೇ ಗೆರೆಯಲ್ಲ. ಶೇಲ್ ನಡುವೆ ತೆಳು ಸುಣ್ಣದ ಪದರ, ಆಮೇಲೆ ಸುಣ್ಣ ಹೆಚ್ಚಿ ಶೇಲ್ ತೆಳುವಾಗುವುದು. ಗಡಿಯ ನಿಯಮವನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ. ಉದಾಹರಣೆಗೆ, ಒಂದು ಮೀಟರ್ ಛೇದದಲ್ಲಿ ಅರ್ಧಕ್ಕಿಂತ ಹೆಚ್ಚು ಸುಣ್ಣಕಲ್ಲು ಬಂದು, ಅದರ ಮೇಲೆ ಮತ್ತೆ ಅರ್ಧಕ್ಕಿಂತ ಕೆಳಗೆ ಇಳಿಯದ ಮೊದಲ ಜಾಗ. ನಿಯಮ ಯಾವುದೇ ಇರಲಿ, ಎಲ್ಲ ಛೇದಗಳಿಗೂ ಅದೇ ಇರಬೇಕು. ಎರಡು ತಂಡಗಳ ದಪ್ಪ ಬೇರೆಯಾಗಲು ಡಿಪ್ ಬಿಟ್ಟರೆ ಇದೇ ಮುಖ್ಯ ಕಾರಣ.

ಇನ್ನೊಂದು ಎಚ್ಚರ, ಫಾಲ್ಟ್‌ಗಳ (ಕಲ್ಲು ಬಿರಿದು ಸರಿದ ಗೆರೆಗಳ) ಹತ್ತಿರ ದಪ್ಪ ಅಳೆಯಬೇಡಿ. ವಾಡಿ ಫಾಲ್ಟ್, ಗೋಗಿ–ಕುರ್ಲಗೆರೆ ಫಾಲ್ಟ್ ಪಕ್ಕದಲ್ಲಿ ಮಲಗಿದ ಪದರ ಒಮ್ಮೆಲೇ ಕಡಿದಾಗುತ್ತದೆ, ಸುಣ್ಣಕಲ್ಲು ಪುಡಿಯಾಗಿ ಬ್ರೆಕ್ಸಿಯಾ (ಚೂಪು ಚೂರುಗಳು ಬೆಸೆದ ಕಲ್ಲು) ಆಗಿರುತ್ತದೆ, ಗ್ರಾನೈಟ್ ಸುಣ್ಣಕಲ್ಲಿಗೆ ನೇರ ತಾಗಿಕೊಂಡಿರುತ್ತದೆ. ಗೋಗಿಯ ಯುರೇನಿಯಂ ಅದಿರು ಕೂತಿರುವುದೂ ಇಂಥ ಒಡೆದ ವಲಯದಲ್ಲೇ. ಡಿಪ್ ಕಾರಣವಿಲ್ಲದೆ 10 ಡಿಗ್ರಿ ದಾಟಿದರೆ ಅಲ್ಲಿಗೇ ಅಳತೆ ನಿಲ್ಲಿಸಿ ನಕ್ಷೆ ಬಿಡಿಸಿ ನೋಡಿ.

---

ಕೊಣಾಜೆಗುಡ್ಡೆ

ಬಹಳ ಉಪಕಾರ ಆಯ್ತು. ಇನ್ನೆರಡು ಕೇಳುತ್ತೇನೆ. ವಿಜಯಪುರ ರೈಲಿನಲ್ಲಿ ಬಾದಾಮಿಗೆ ಇಳಿದು ಮೊದಲು ಕಲಾದಗಿ ನೋಡುವ ಯೋಚನೆ ಇದೆ. ಅಲ್ಲಿ ಪದರಗಳು ಮಡಚಿಕೊಂಡಿವೆಯಂತೆ, ಅಲ್ಲಿ ಅಳತೆ ಹೇಗೆ? ಮತ್ತೆ ಹೋಲಿಸಿ ನೋಡಲು ಮಂಗಳೂರಿನ ಕಲ್ಲಿನ ಅಂಗಡಿಯಿಂದ ಶಹಾಬಾದ್ ಕಲ್ಲು, ಕಡಪ ಕಲ್ಲಿನ ತುಂಡು ತಂದಿಟ್ಟುಕೊಂಡರೆ ನಡೆಯುತ್ತದೆಯೇ?

---

ಮಣಿಪಾಲ್_ಸ್ತರ

ಕಲಾದಗಿಯಲ್ಲಿ ಎರಡು ಬೇರೆ ಬೇರೆ ಲೋಕ ಇದೆ. ಕೆಳಗಿನ ಬಾಗಲಕೋಟೆ ಗ್ರೂಪ್ ಮಡಚಿಕೊಂಡಿದೆ. ಅದರ ಮೇಲೆ ಕೋನೀಯ ಅನ್‌ಕನ್ಫರ್ಮಿಟಿಯಿಂದ (ಕೆಳಗಿನ ಓರೆ ಪದರಗಳು ಸವೆದ ಮೇಲೆ ಹೊಸ ಪದರ ಕೂತ ಗಡಿ) ಬಾದಾಮಿ ಗ್ರೂಪ್ ಮಟ್ಟಸವಾಗಿ ಕೂತಿದೆ. ಬಾಗಲಕೋಟೆ ಗ್ರೂಪ್ ಒಳಗೆ ಲೋಕಾಪುರ ಮತ್ತು ಸಿಮಿಕೇರಿ ಎಂಬ ಎರಡು ಉಪಗ್ರೂಪ್‌ಗಳಿವೆ, ಎರಡರಲ್ಲೂ ಕಾರ್ಬೊನೇಟ್ ಉಂಟು. ಚಿತ್ರಭಾನುಕೋಟೆ ಡಾಲಮೈಟ್, ಚಿಕ್ಕಶೆಲ್ಲಿಕೇರಿ ಸುಣ್ಣಕಲ್ಲು ಲೋಕಾಪುರದಲ್ಲಿ. ಲಕ್ಷಾನಟ್ಟಿ ಡಾಲಮೈಟ್ ಸಿಮಿಕೇರಿಯಲ್ಲಿ. ಬಾದಾಮಿ ಗ್ರೂಪ್‌ನಲ್ಲಿ ಗುಹೆ ಕೊರೆದ ಮರಳುಗಲ್ಲು ಕೆರೂರು ಫಾರ್ಮೇಶನ್‌ನದು, ಕೊಂಕಣಕೊಪ್ಪ ಸುಣ್ಣಕಲ್ಲು ಅದರ ಮೇಲಿನ ಕಟಗೇರಿ ಫಾರ್ಮೇಶನ್‌ನದು.

ಮಡಚಿದ ಕಡೆ 1.5 ಮೀಟರ್ ಕೋಲಿಗೆ ಕ್ಲಿನೋಮೀಟರ್ ಕಟ್ಟಿ, ಡಿಪ್‌ನಷ್ಟೇ ಓರೆ ಮಾಡಿ, ಕೋಲು ಪದರಕ್ಕೆ ಲಂಬವಾಗಿ ನಿಲ್ಲುವಂತೆ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಅಳೆಯಿರಿ. ಡಿಪ್ 5 ಡಿಗ್ರಿ ಬದಲಾದಾಗಲೆಲ್ಲ ಕೋಲಿನ ಓರೆಯನ್ನೂ ಬದಲಿಸಿ. ಅಪಾಯ ಇರುವುದು ಒಂದೇ ಪದರವನ್ನು ಮಡಿಕೆಯ ಎರಡೂ ಮಗ್ಗುಲಲ್ಲಿ ಎರಡು ಪದರ ಎಂದು ಲೆಕ್ಕ ಹಾಕುವುದರಲ್ಲಿ. ಹಾಗಾಗಿ ಪ್ರತಿ 20-30 ಮೀಟರ್‌ಗೆ ಯಾವ ಕಡೆ ಮೇಲು ಎಂದು ಗುರುತು ಬರೆಯಿರಿ. ಸ್ಟ್ರೊಮಟೊಲೈಟ್ (ಸೂಕ್ಷ್ಮಜೀವಿಗಳ ಪದರ ಬೆಳೆದು ಆದ ಗುಮ್ಮಟ) ಇದ್ದರೆ ಗುಮ್ಮಟದ ಉಬ್ಬು ಮೇಲ್ಮುಖ. ಕೆಸರು ಬಿರುಕಿನ ಚೂಪು ತುದಿ ಕೆಳಮುಖ. ಕ್ರಾಸ್-ಬೆಡ್ಡಿಂಗ್‌ನಲ್ಲಿ (ಪದರದೊಳಗಿನ ಓರೆ ತೆಳುಪದರಗಳು) ಕತ್ತರಿಸಿದ ತುದಿ ಮೇಲೆ, ಬಾಗಿ ಸವರಿಕೊಂಡು ಹೋಗುವ ತುದಿ ಕೆಳಗೆ. ಒಂದೇ ಗುಮ್ಮಟ ನೋಡಿ ತೀರ್ಮಾನ ಬೇಡ, ಮಡಿಕೆಯಿಂದ ಸುಕ್ಕಾದ ತೆಳುಪದರವೂ ಹಾಗೇ ಕಾಣುತ್ತದೆ. ಸ್ಟ್ರೊಮಟೊಲೈಟ್ ಆದರೆ ಪಕ್ಕಪಕ್ಕದ ಗುಮ್ಮಟಗಳ ನಡುವೆ ತುಂಬಿದ ಕಣಗಳು ಬೇರೆಯಾಗಿರುತ್ತವೆ.

ಒತ್ತಡದಿಂದ ಆದ ಸೀಳುಗಳನ್ನು ಪದರ ಎಂದುಕೊಳ್ಳುವುದೂ ಅಲ್ಲಿ ಸಾಮಾನ್ಯ. ಸೀಳು ಮಡಿಕೆಯ ಎರಡೂ ಮಗ್ಗುಲಲ್ಲಿ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಇರುತ್ತದೆ, ಪದರ ತಿರುಗುತ್ತದೆ. ಬಣ್ಣದ ಪಟ್ಟಿ, ಕಣದ ಗಾತ್ರ ಯಾವುದರ ಜೊತೆ ಹೋಗುತ್ತದೆ ಎಂದು ನೋಡಿ, ಅದೇ ಪದರ.

ಮಹಾಕೂಟದ ಚರ್ಟ್ ಬ್ರೆಕ್ಸಿಯಾ ಕಂಡು ಫಾಲ್ಟ್ ಎಂದು ಬರೆಯಬೇಡಿ. ಫಾಲ್ಟಿನ ಬ್ರೆಕ್ಸಿಯಾ ಪದರಗಳನ್ನು ಕತ್ತರಿಸಿ ಹೋಗುತ್ತದೆ. ಇದು ಪದರದ ಜೊತೆಗೇ ಸಾಗುವ ಒಂದು ಮೆಂಬರ್ (ಫಾರ್ಮೇಶನ್‌ನ ಒಂದು ಭಾಗ), ನಕ್ಷೆಯಲ್ಲಿ ಒಳ್ಳೆಯ ಗುರುತಿನ ಪದರ.

---

ಕಾಗಿಣಾದಂಡೆ_ಉಡುಪಿ

ಅಂಗಡಿಯ ಚಪ್ಪಡಿ ಆಸಿಡ್ ಅಭ್ಯಾಸಕ್ಕೆ, ಉಜ್ಜಿ ಬಣ್ಣ ಹಾಕಿ ಕೈ ಪಳಗಿಸಿಕೊಳ್ಳಲಿಕ್ಕೆ ಚೆನ್ನಾಗಿದೆ. ನಮ್ಮ ಕಡೆ ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಹುಣಸೆಹುಳಿ, ಪುನರ್ಪುಳಿ ಚೆಲ್ಲಿದ ಜಾಗ ಮಂಕಾಗುವುದು ಅದು ಕಾರ್ಬೊನೇಟ್ ಆದ್ದರಿಂದಲೇ. ಹೋಲಿಕೆಯ ಸ್ಯಾಂಪಲ್ ಆಗಿ ಮಾತ್ರ ಅದು ಬೇಡ. ಯಾವ ಕ್ವಾರಿ, ಯಾವ ಎತ್ತರ, ಯಾವ ಮೈ ಮೇಲಿತ್ತು ಎಂಬ ಮೂರೂ ಗೊತ್ತಿಲ್ಲ. ತಾಂಡೂರಿನ ಕಲ್ಲನ್ನು ಶಹಾಬಾದ್ ಎಂದು ಕೊಟ್ಟರೂ ತಿಳಿಯುವುದಿಲ್ಲ, ಅದೂ ಭೀಮಾ ಕಣಿವೆಯದೇ. ಕಡಪ ಕಲ್ಲು ಎಂದು ಮಾರುವ ಕಪ್ಪು ಚಪ್ಪಡಿಗಳಲ್ಲಿ ಬಹಳಷ್ಟು ಕರ್ನೂಲ್ ಗ್ರೂಪ್‌ನ ನಾರ್ಜಿ ಸುಣ್ಣಕಲ್ಲು. ವ್ಯಾಪಾರದ ಹೆಸರು ಸ್ತರದ ಹೆಸರಲ್ಲ.

ಮೂರನೆಯ ಪ್ರಶ್ನೆಗೆ ಇದೇ ತರ್ಕ ಮುಂದುವರಿಯುತ್ತದೆ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಈ ಸೀಮೆಯ ವರದಿ ಬರೆದ ಕಾಲದಿಂದ ಭೀಮಾ, ಕಲಾದಗಿ, ಕರ್ನೂಲ್ ಕಲ್ಲುಗಳನ್ನು ರೂಪ ನೋಡಿ ಹೋಲಿಸುತ್ತ ಬಂದಿದ್ದಾರೆ. ಅದು ಒಳ್ಳೆಯ ಊಹೆ, ಆದರೆ ಪುರಾವೆ ಅಲ್ಲ. ಸಮುದ್ರ ನೆಲದ ಮೇಲೆ ಏರಿದಾಗೆಲ್ಲ ಮೊದಲು ಮರಳು, ಆಮೇಲೆ ಕೆಸರು, ಆಮೇಲೆ ಸುಣ್ಣ ಕೂರುವುದು ಸಹಜ. ಅದೇ ಕ್ರಮ ಬೇರೆ ಬೇರೆ ಕಾಲದಲ್ಲಿ ಎಷ್ಟು ಸಲ ಬೇಕಾದರೂ ಆಗಬಹುದು. ಕೊಂಕಣಕೊಪ್ಪಕ್ಕೂ ಶಹಾಬಾದ್‌ಗೂ ನಡುವೆ ಪದರ ಹಿಡಿದು ನಡೆದು ತಲುಪುವ ದಾರಿ ಇಲ್ಲ, ಮಧ್ಯೆ ನೈಸ್ ಇದೆ, ಟ್ರ್ಯಾಪ್ ಇದೆ. ಚಿಪ್ಪಿನ ಜೀವಿಗಳು ಹರಡುವ ಮೊದಲಿನ ಪ್ರೊಟೆರೊಜೋಯಿಕ್ ಕಾಲದ ಕಲ್ಲಾದ್ದರಿಂದ ಚಿಪ್ಪಿನ ಪಳೆಯುಳಿಕೆಯ ಸಹಾಯವೂ ಸಿಗದು. ನಿಮ್ಮ ಚಿತ್ರದಲ್ಲಿ ಎರಡು ಕಂಬಗಳನ್ನು (ಪದರಗಳ ಕ್ರಮ ತೋರಿಸುವ ಪಟ್ಟಿಗಳು) ಪಕ್ಕಪಕ್ಕ ಬಿಡಿಸಿ, ಗೆರೆ ಎಳೆಯಬೇಡಿ. ಒಂದೇ ಕಣಿವೆಯೊಳಗಿನ ಕಂಬಗಳ ನಡುವೆ ಮಾತ್ರ ಎಳೆಯಿರಿ. ನೋಡಿದ ಗಡಿಗೆ ಪೂರ್ಣ ಗೆರೆ, ಊಹಿಸಿದ್ದಕ್ಕೆ ತುಂಡುಗೆರೆ.

---

ಸುರತ್ಕಲ್_ಲ್ಯಾಬ್

ಕಾರ್ಬನ್ ಐಸೊಟೋಪ್ (ಅದರ ಭಾರ, ಹಗುರ ಪರಮಾಣುಗಳ ಪ್ರಮಾಣ) ಮೂಲಕ ಹೋಲಿಸುವ ಆಸೆ ಇದ್ದರೆ ಸ್ಯಾಂಪಲ್ ತೆಗೆಯುವಾಗಲೇ ಎಚ್ಚರ ಬೇಕು. ಎಳೆ, ಸ್ಟೈಲೊಲೈಟ್ (ಒತ್ತಡಕ್ಕೆ ಕಲ್ಲು ಕರಗಿ ಆದ ಗರಗಸದಂಥ ಗೆರೆ), ಮರುಹರಳಾದ ಜಾಗ ಬಿಟ್ಟು ನಯವಾದ ಸುಣ್ಣದ ಕೆಸರಿನ ಭಾಗದಿಂದ ಸಣ್ಣ ಡ್ರಿಲ್‌ನಲ್ಲಿ ಕೆಲವು ಮಿಲಿಗ್ರಾಂ ಪುಡಿ ತೆಗೆಯಿರಿ. ಅದೇ ತುಂಡಿನಲ್ಲಿ ಮ್ಯಾಂಗನೀಸ್ ಮತ್ತು ಸ್ಟ್ರಾನ್ಶಿಯಂ ಅಳೆಸಿ. ಮ್ಯಾಂಗನೀಸನ್ನು ಸ್ಟ್ರಾನ್ಶಿಯಂನಿಂದ ಭಾಗಿಸಿದಾಗ 10 ದಾಟಿದರೆ, ಅಥವಾ ಆಕ್ಸಿಜನ್ ಐಸೊಟೋಪ್ ಮೌಲ್ಯ ಮೈನಸ್ 10 ಪರ್ಮಿಲ್‌ಗಿಂತ (ಸಾವಿರಕ್ಕೆ 10 ಪಾಲು) ಕೆಳಗಿದ್ದರೆ ಆ ಸ್ಯಾಂಪಲ್ಲನ್ನು ಹೋಲಿಕೆಗೆ ಬಳಸದಿರುವುದು ರೂಢಿ. ದಪ್ಪ ಸರಿ ಅಳೆಯದ ಛೇದದ ಮೇಲೆ ಈ ಖರ್ಚು ಮಾಡಬೇಡಿ, ವಕ್ರರೇಖೆಯ ಏರಿಳಿತ ತಪ್ಪು ಎತ್ತರಕ್ಕೆ ಹೋಗಿ ಕೂರುತ್ತದೆ.

ಸ್ಯಾಂಪಲ್ ಪ್ರತಿ ಮೀಟರ್‌ಗೆ ಒಂದು, ಪದರ ಬದಲಾದಲ್ಲಿ ಇನ್ನೊಂದು. ರಾಸಾಯನಿಕ ವಿಶ್ಲೇಷಣೆಗೆ ಅರ್ಧದಿಂದ ಒಂದು ಕಿಲೋ, ಎರಡು ಪದರಗಳ ಚೂರು ಬೆರೆಸದೆ. ಕಲ್ಲನ್ನು ಗೋಡೆಯಿಂದ ಬಿಡಿಸುವ ಮೊದಲೇ ಅದರ ಮೇಲೆ ಮಾರ್ಕರ್‌ನಿಂದ ಮೇಲ್ಮುಖದ ಬಾಣ ಮತ್ತು ತಳದಿಂದ ಎಷ್ಟು ಎತ್ತರ ಎಂಬುದನ್ನು ಬರೆಯಿರಿ. ಚೀಟಿ ಬರೆದು ಚೀಲದ ಒಳಗೆ ಹಾಕಿದರೆ ಒದ್ದೆಯಾಗಿ ಅಳಿಸುತ್ತದೆ, ಚೀಲದ ಮೇಲೂ ಬರೆಯಿರಿ.